ಬಾಗಿಲಲ್ಲೇ ತಣಿಸುತ್ತಿದ್ದ ಗಿರಿಜಕ್ಕ

ಗಿರಿಜಕ್ಕನ ಫ್ಲಾಸ್ಕನ್ನು ದಾಟಿ ನಮ್ಮ ಲ್ಯಾಬಿನೊಳಗೆ ಯಾವ ಜಗಳವೂ ಬಂದದ್ದಿಲ್ಲ. ಒಳಗೆ ಏನನ್ನೂ ತಿನ್ನುವ, ಕುಡಿಯುವ ಹಾಗಿರಲಿಲ್ಲ. ಹಾಗಾಗಿ ಸಿಟ್ಟಿನಿಂದ ಬಂದವರನ್ನು ಅವರು ಬಾಗಿಲಲ್ಲೇ ನಿಲ್ಲಿಸಿ, ಕೈಗೆ ಕಾಫಿ ಲೋಟ ಕೊಟ್ಟು, "ಮೊದಲು ಇದು ಕುಡಿ ಕಣ್ಣು, ಆಮೇಲೆ ಕೂಗು" ಅನ್ನುತ್ತಿದ್ದರು. ಕುಡಿದ ಮೇಲೆ ಕೂಗುವುದಕ್ಕೆ ಹೆಚ್ಚೇನೂ ಉಳಿದಿರುತ್ತಿರಲಿಲ್ಲ.

ಚೆನ್ನೈ ಕೀಲ್ಪಾಕಿನ ಆ ಲ್ಯಾಬಿಗೆ ಅವರು ಹಿರಿಯ ಟೆಕ್ನಿಷಿಯನ್; ನಾನು ಮೈಸೂರಿನಿಂದ ಪಿಎಚ್‌ಡಿಗೆ ಬಂದ ಮುಂಗೋಪಿ. ಅವರದು ಮೂರು ತಲೆಮಾರಿನಿಂದ ಅಲ್ಲೇ ಇದ್ದ ಕನ್ನಡ ಮನೆತನ. ಹಣೆ ತುಂಬ ವಿಭೂತಿ, ಬಾಯಲ್ಲಿ ಅರ್ಧ ತಮಿಳು; ಎಲ್ಲರನ್ನೂ ಮುದ್ದಿನಿಂದ 'ಕಣ್ಣು' ಎಂದೇ ಕರೆಯುತ್ತಿದ್ದರು. ನಾನು ಓದುತ್ತಿದ್ದದ್ದು ರೋಗನಿರೋಧಕ ಕೋಶಗಳ ಮೈಮೇಲೆ ಕೂತಿರುವ ಒಂದು ಕಿಣ್ವವನ್ನು. ಪೆಟ್ಟುಬಿದ್ದ ಕೋಶಗಳು ಹೊರಗೆ ಚೆಲ್ಲುವ ಅಪಾಯದ ಸಂಕೇತವನ್ನು ಅದು ಕತ್ತರಿಸಿ, 'ಸಾಕು, ಸುಮ್ಮನಾಗಿ' ಎನ್ನುವ ಸಂಕೇತಕ್ಕೆ ದಾರಿ ಮಾಡುತ್ತದೆ. ಹಾಗೆ ತಣಿಸುವವರಿಲ್ಲದಿದ್ದರೆ ಕಾಯುವ ಕೋಶಗಳೇ ಮೈಯನ್ನು ಕೆಡಿಸಿಯಾವು. "ಆಮಾ, ಬಾಗಿಲಲ್ಲಿ ನಾನು ಮಾಡೋದೂ ಅದೇ ಕೆಲಸ" ಎಂದು ಅವರು ನಕ್ಕಿದ್ದರು.

ಮೂರನೆಯ ವರ್ಷ, ಸೆಮಿನಾರಿಗೆ ಎರಡೇ ದಿನ ಇರುವಾಗ, ಹೊಸದಾಗಿ ಬೆಳೆಸಿದ ಕೋಶಗಳಲ್ಲಿ ನನ್ನ ಕಿಣ್ವವೇ ಕಾಣಲಿಲ್ಲ. ಮೂರು ವರ್ಷದ ಕೆಲಸ ನೀರಲ್ಲಿ ಹೋಮ! ಕೋಶಗಳನ್ನು ಅಳೆಯುವ ಮೆಷಿನ್ ಕೆಟ್ಟಿದೆ ಎಂದು ಕೂಗಾಡಿದೆ. ಗಿರಿಜಕ್ಕ ಲೋಟ ಕೊಟ್ಟು ಕೇಳಿದರು:

"ತಟ್ಟೆಗೆ ಅಂಟಿದ್ದ ಸೆಲ್ಲನ್ನ ಏನು ಹಾಕಿ ಬಿಡಿಸಿದೆ?"

"ಟ್ರಿಪ್ಸಿನ್."

"ಅದು ಪ್ರೋಟೀನ್ ತಿನ್ನೋದಲ್ವಾ ಕಣ್ಣು? ಅಂಟು ಬಿಡಿಸ್ತೀನಿ ಅಂತ ಸೆಲ್ಲಿನ ಮೈಮೇಲಿದ್ದದ್ದನ್ನೆಲ್ಲ, ನಿನ್ನ ಕಿಣ್ವಾನೂ ಸೇರಿಸಿ, ಬೋಳಿಸಿಬಿಟ್ಟು, ಈಗ ಇಲ್ಲ ಇಲ್ಲ ಅಂತ ಅಳ್ತೀಯ."

ತಟ್ಟೆಯನ್ನು ಐಸಿನ ಮೇಲಿಟ್ಟು, ತಣ್ಣನೆಯ ದ್ರಾವಣ ಹಾಕಿ, ಬೆರಳಿನಿಂದ ಮೆಲ್ಲಗೆ ತಟ್ಟಿ ಬಿಡಿಸುವುದನ್ನು ತೋರಿಸಿದರು. ಮರುದಿನ ಮೆಷಿನ್ನಿನ ಪರದೆಯ ಮೇಲೆ ಕಿಣ್ವದ ಗೆರೆ ಗುಡ್ಡದಂತೆ ಎದ್ದು ನಿಂತಿತು. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು.

ಕೊನೆಯ ಸಲ ಅವರನ್ನು ನೋಡಿದ್ದು, ನಿವೃತ್ತರಾದ ಮೇಲೆ, ಕ್ರೋಂಪೇಟೆಯ ಮನೆಯಲ್ಲಿ. ಅವರದೇ ಕಾವಲಿನ ಕೋಶಗಳು ಕೀಲುಗಳ ಮೇಲೆ ತಿರುಗಿಬಿದ್ದು, ಆ ಬೆರಳುಗಳು ಲೋಟ ಹಿಡಿಯಲಾರದಷ್ಟು ಊದಿಕೊಂಡಿದ್ದವು. ನನ್ನ ಹಳೆಯ ಕೋಪ ಬಂತು.

"ಊರಿಗೆಲ್ಲ ಸಮಾಧಾನ ಮಾಡಿದವರಿಗೇ ಹೀಗಾಗಬೇಕಾ ಅಕ್ಕ? ಹಾಳು ಸೆಲ್ಲುಗಳು."

"ಬೈಬೇಡ ಕಣ್ಣು. ಪಾವಂ, ಕಾಯೋದೇ ಅವುಗಳ ಕೆಲಸ. ಬಾಗಿಲಲ್ಲಿ ಅವಕ್ಕೆ ಯಾರೂ ಕಾಫಿ ಕೊಡಲಿಲ್ಲ, ಅಷ್ಟೇ."

ನಾನು ಕಾಫಿ ಲೋಟವನ್ನು ಅವರ ತುಟಿಗೆ ಹಿಡಿದೆ.