ಬೇರೆ ಬೇರೆ ಪಂಚಪಾತ್ರೆ

ಇಂದು ಬೆಳಿಗ್ಗೆ ಅಂಗೈಯಲ್ಲಿ ನೆನೆದ ಎಳ್ಳಿನ ವಾಸನೆ ಏಳುತ್ತಿದ್ದಂತೆ ಮಹಡಿಯ ಮನೆಯಾಕೆ ನೆನಪಾದರು. ಬನಶಂಕರಿಯ ನಮ್ಮ ಮನೆಯ ಮೇಲ್ಭಾಗದಲ್ಲಿ ಕೆಲವು ವರ್ಷ ಒಬ್ಬರೇ ಬಾಡಿಗೆಗಿದ್ದರು. ಡೇಟಾಬೇಸ್ ನೋಡಿಕೊಳ್ಳುವ ಉದ್ಯೋಗ. ನಾನು ಪೌರೋಹಿತ್ಯದವನು, ಪತ್ನಿ ತೀರಿಕೊಂಡ ಮೇಲೆ ನನ್ನ ಮನೆಯಲ್ಲೂ ಮಾತಿಗೆ ಯಾರೂ ಇರಲಿಲ್ಲ.

ಒಂದು ಸಂಜೆ ಅವರು ಕೆಳಗಿಳಿದು ಬಂದು ಹೊಸ್ತಿಲಾಚೆಯೇ ನಿಂತರು.

"ನಮ್ಮಪ್ಪಂಗೆ ನಾನೊಬ್ಳೇ ಮಗಳು ಶಾಸ್ತ್ರಿಗಳೇ. ವರ್ಷಕ್ಕೊಂದು ದಿನ ಅವರ ಹೆಸರಲ್ಲಿ ಎಳ್ಳುನೀರು ಬಿಡ್ತೀರಾ? ನನ್ನ ನಂತ್ರ ಅವರು ಯಾರಿಗೂ ನೆನಪಿರಲ್ಲ."

ಆಗಲಿ ಎಂದೆ, ಮರೆವು ಹೆಚ್ಚಿದೆ ಎಂದೂ ಸೇರಿಸಿದೆ. ಅದಕ್ಕಾಗಿಯೇ ಅವರು, ನಾನು ಮಾಡಿಸುವ ಪ್ರತಿ ಶ್ರಾದ್ಧದ ಮುನ್ನಾದಿನ ಆಯಾ ಮನೆಯವರಿಗೂ ನನಗೂ ಫೋನಿಗೆ ಸಂದೇಶ ಬರುವಂತೆ ಏರ್ಪಾಡು ಮಾಡಿದರು. ವಿಷಯ ತಿಳಿದು ಜಯನಗರದ ಹಿರಿಯ ವೈದಿಕರೂ ಹೊಸಕೆರೆಹಳ್ಳಿಯ ಕಿರಿಯ ವೈದಿಕರೂ ತಮ್ಮ ಯಜಮಾನರ, ಎಂದರೆ ಕರ್ಮ ಮಾಡಿಸಲು ತಮ್ಮನ್ನು ಕರೆಯುವವರ, ಮನೆಗಳನ್ನು ಅದಕ್ಕೆ ಸೇರಿಸಿದರು.

ಎಲ್ಲವನ್ನೂ ಒಂದೇ ಕಡೆ ಸುರಿದದ್ದು ಎಡವಟ್ಟಾಯಿತು. ಮೂವರೂ ನಮ್ಮ ನಮ್ಮ ಮನೆಗಳಿಗೆ ಒಂದರಿಂದಲೇ ಸಂಖ್ಯೆ ಹಾಕಿದ್ದೆವು. ಜಯನಗರದವರ ಹನ್ನೆರಡನೆಯ ಮನೆಗೆ ಹೋಗಬೇಕಾದ ಸಂದೇಶ ಚಿಕ್ಕಲಸಂದ್ರದಲ್ಲಿರುವ ನನ್ನ ಹನ್ನೆರಡನೆಯ ಮನೆಗೆ ಹೋಯಿತು: ನಾಳೆ ನಿಮ್ಮ ತಂದೆಯವರ ಶ್ರಾದ್ಧ. ಆ ತಂದೆ ಮಗನ ಪಕ್ಕದಲ್ಲೇ ಕುಳಿತು ಕಾಫಿ ಕುಡಿಯುತ್ತಿದ್ದರು! ಅವರೇ ನನಗೆ ಫೋನ್ ಮಾಡಿದರು.

"ಏನ್ರೀ ಶಾಸ್ತ್ರಿಗಳೇ, ನಾಳೆ ನನ್ನ ತಿಥಿಯಂತೆ! ನಂಗೂ ಎರಡು ವಡೆ ಎತ್ತಿಡ್ಸಿ."

ಅವರು ನಕ್ಕರು. ಸೊಸೆ ಮಾತ್ರ ಅಪಶಕುನವೆಂದು ಅತ್ತರಂತೆ. ಮಹಡಿಯಾಕೆ ಅಂದು ಊಟ ಮಾಡಲಿಲ್ಲ. ಸಮಾಧಾನ ಹೇಳಲು ಹೋದವನಿಗೆ ಜನಿವಾರ ಬದಲಿಸುವ ಉಪಾಕರ್ಮದ ಸಭೆ ನೆನಪಾಯಿತು. ಒಂದೇ ಹಜಾರ, ಒಟ್ಟಿಗೆ ಕುಳಿತ ಜನ. ಆದರೂ ಯಾರ ಉದ್ಧರಣೆ ಚಮಚವೂ ಪಕ್ಕದವರ ಪಂಚಪಾತ್ರೆಯ ನೀರಿಗೆ ಇಳಿಯುವುದಿಲ್ಲ. ಅದನ್ನೇ ಹೇಳಿದೆ.

"ಕರೆಕ್ಟ್ ಶಾಸ್ತ್ರಿಗಳೇ. ಡೇಟಾಬೇಸ್ ಒಂದೇ, ಒಳಗೆ ಒಬ್ಬೊಬ್ರಿಗೂ ಬೇರೆ ಸ್ಕೀಮಾ, ಬೇರೆ ಕೋಣೆ ಇದ್ದ ಹಾಗೆ. ಆಫೀಸಲ್ಲಿ ಕ್ಲೈಂಟ್‌ಗಳಿಗೆ ಹಾಗೇ ಮಾಡ್ತೀವಿ. ಇಲ್ಲಿ ಮೂರೇ ಜನ ಅಂತ ಸೋಮಾರಿತನ ಮಾಡ್ಬಿಟ್ಟೆ."

ಎಲ್ಲವನ್ನೂ ಬೇರ್ಪಡಿಸಿದರು. ಜಯನಗರದ ಹಿರಿಯರು ಪರೀಕ್ಷಿಸಲು ಬಂದರು. "ನನ್ನ ಮನೆಗಳು ಇವರಿಗೆ ಕಾಣಲ್ಲ ತಾನೇ?"

"ಕಾಣಲ್ಲ ಸಾರ್. ಇವರವೂ ನಿಮಗೆ ಕಾಣಲ್ಲ."

ಎರಡನೆಯ ಮಾತು ಅವರಿಗೆ ಅಷ್ಟಾಗಿ ರುಚಿಸಲಿಲ್ಲ.

ಕೊನೆಗೆ ಉಳಿದದ್ದು ಮಹಡಿಯಾಕೆಯ ತಂದೆಯ ಹೆಸರೊಂದೇ. "ಇವರು ಯಾರ ಯಜಮಾನರೂ ಅಲ್ವಲ್ಲ, ಎಲ್ಲಿ ಹಾಕ್ಲಿ?" ಎಂದರು.

"ನನ್ನದರಲ್ಲೇ ಹಾಕಮ್ಮಾ, ನಮ್ಮನೆಯವರ ಜೊತೆ."

"ಗೋತ್ರ ಗೊತ್ತಿಲ್ಲ. ಖಾಲಿ ಬಿಡ್ಲಾ?"

"ಗೋತ್ರ ತಿಳಿಯದವರಿಗೆ ಕಾಶ್ಯಪ ಅನ್ನೋದು ರೂಢಿ."

"ಓ, ನಮ್ಮಲ್ಲೂ ಇದೆ, ಡಿಫಾಲ್ಟ್ ಅಂತೀವಿ!" ಎಂದು ನಕ್ಕರು. ಅವರು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ...

ಆಮೇಲೆ ಕಾಯಿಲೆ ಬಂತು. ಆಷಾಢ ಶುದ್ಧ ನವಮಿಯಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ನೋಡಿಕೊಳ್ಳುವವರಿಲ್ಲದೆ ಸಂದೇಶಗಳೂ ಕ್ರಮೇಣ ನಿಂತವು. ಮೇಲಿನ ಮನೆಗೆ ಬೇರೆಯವರು ಬಂದಿದ್ದಾರೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದರೆ ಈಗಲೂ ತಲೆ ಎತ್ತುತ್ತೇನೆ.

ಇಂದು ಅವರ ತಂದೆಯ ತಿಥಿ. ಯಾರೂ ನೆನಪಿಸದೆಯೇ ನೆನಪಾಯಿತು, ಭಗವಂತನ ದಯೆ. ಅವರಿಗೆ ಎಳ್ಳುನೀರು ಬಿಟ್ಟೆ. ಮತ್ತೊಮ್ಮೆ ಎಳ್ಳು ತೆಗೆದುಕೊಂಡು ಮಗಳ ಹೆಸರು ಹೇಳಿದೆ. ಆಗ ಹೊಳೆಯಿತು: ಇವರಿಬ್ಬರೂ ಈಗ ಇರುವುದು ನನ್ನ ನೆನಪಿನಲ್ಲಿ ಮಾತ್ರ, ಆ ನೆನಪಿಗೂ ವಯಸ್ಸಾಗಿದೆ.

ಹೊಸಕೆರೆಹಳ್ಳಿಯ ಕಿರಿಯ ವೈದಿಕರಿಗೆ ಫೋನ್ ಮಾಡಿದೆ. ನಮ್ಮ ವೃತ್ತಿಯಲ್ಲಿ ಯಾರೂ ತಮ್ಮ ಯಜಮಾನರ ಮನೆಯನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ.

"ಎರಡು ತಿಥಿ ಬರ್ಕೊಳ್ಳಿ, ನನ್ನ ನಂತರಕ್ಕೆ."

ಅವರು ಪೆನ್ನು ಹುಡುಕುವ ಸದ್ದು ಕೇಳಿಸಿತು. "ನಿಮ್ಮ ಯಜಮಾನರಾ?"

"ಅಲ್ಲ. ನಮ್ಮನೆಯವರು."

"ಗೋತ್ರ?"

"ಇಬ್ಬರದೂ ಕಾಶ್ಯಪ" ಎಂದೆ.

ಫೋನ್ ಇಟ್ಟ ಮೇಲೆ ಮನೆ ಮೊದಲಿನಂತೆಯೇ ನಿಶ್ಶಬ್ದವಾಯಿತು. ಬೆರಳ ಸಂದಿಯಲ್ಲಿ ಎಳ್ಳು ಒಣಗಿತ್ತು...