ಸ್ಲೇಟಿನ ಮೇಲೆ ಬೀಗರು

ನಮ್ಮ ಮಾವ ಸೈಕಲ್ಲಿನಿಂದ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ಇದರಲ್ಲಿ ವಿಶೇಷವೇನೂ ಇರಲಿಲ್ಲ, ಸೊರಬದ ರಸ್ತೆಗಳು ಆಗಾಗ ಯಾರನ್ನಾದರೂ ಬೀಳಿಸುತ್ತಲೇ ಇದ್ದವು. ವಿಶೇಷವೆಂದರೆ ಆ ಸೈಕಲ್ಲು ಓಡುತ್ತಿರಲಿಲ್ಲ. ತಮ್ಮ ಕಿರಾಣಿ ಅಂಗಡಿಯ ಮುಂದೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಸೈಕಲ್ಲಿನ ಮೇಲೆ ಕೂತು, ಹರೆಯದಲ್ಲಿ ತಾವು ಎರಡೂ ಕೈ ಬಿಟ್ಟು ಹೇಗೆ ಓಡಿಸುತ್ತಿದ್ದೆವೆಂದು ಎದುರಂಗಡಿಯವರಿಗೆ ತೋರಿಸುತ್ತಿದ್ದಾಗ ಈ ಅನಾಹುತ ನಡೆಯಿತು. ಅವರು ಮನೆ ತಲುಪುವಷ್ಟರಲ್ಲಿ ಕಥೆಯೊಳಗೆ ಒಂದು ಹೋರಿ ಅಡ್ಡ ಬಂದಿತ್ತು. ನೋಡಲು ಬಂದ ನೆಂಟರ ಮುಂದೆ ಆ ಹೋರಿ ದಿನೇ ದಿನೇ ಮೈ ಕೈ ತುಂಬಿಕೊಂಡಿತು.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಶಿಕಾರಿಪುರದ ಮಗಳು, ಸೊರಬಕ್ಕೆ ಸೊಸೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಹತ್ತಿರದ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ಮನೆಯಲ್ಲಿ ಮಾವ, ಅತ್ತೆ, ಅಪ್ಪನ ಅಂಗಡಿಯಲ್ಲೇ ಕೂರುತ್ತಿದ್ದ ನನ್ನ ಗಂಡ, ನಾನು. ಈಗ ಆ ಹೋರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿತ್ತು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಡಾಕ್ಟರು ಒಂದೇ ಮಾತು ಹೇಳಿದರು: ಮಣಿಕಟ್ಟನ್ನು ಮೇಲೆ, ಕೆಳಗೆ, ಆಚೆ, ಈಚೆ ನಿಧಾನವಾಗಿ ಆಡಿಸುತ್ತಿರಬೇಕು, ಇಲ್ಲದಿದ್ದರೆ ಕೀಲು ಹಿಡಿದುಕೊಳ್ಳುತ್ತದೆ. ಮಾವ ತಲೆಯಾಡಿಸಿ ಬಂದರು. ಆಡಿಸಿದ್ದು ತಲೆಯನ್ನು ಮಾತ್ರ.

"ಮಾವ, ಕೈ ಆಡಿಸಬೇಕಂತೆ," ಎಂದು ನಾನು ನೆನಪಿಸಿದರೆ ಉರಿದುಬೀಳುತ್ತಿದ್ದರು.

"ಎಂತ ಮಾರಾಯ್ತಿ, ಗಲ್ಲಾಪೆಟ್ಟಿಗೆ ಮುಂದೆ ಕೂತ್ಕೊಂಡು ಗಾಳಿಯಲ್ಲಿ ಕೈ ತಿರುವ್ತಾ ಇದ್ರೆ ಗಿರಾಕಿಗಳು ಎಂತ ತಿಳ್ಕಳ್ತಾರೆ? ಸಾಹುಕಾರ ದೆವ್ವ ಬಿಡಿಸೋಕೆ ಶುರು ಮಾಡಿದ ಅಂತಾರೆ."

ಈ ಸಂದರ್ಭದಲ್ಲಿ ನನ್ನ ಸರ್ಕಾರಿ ತರಬೇತಿ ಉಪಯೋಗಕ್ಕೆ ಬಂತು ಎಂದರೆ ಯಾರೂ ನಂಬುವುದಿಲ್ಲ. ಟೀಚರುಗಳಿಗೆಲ್ಲ ಆಗ ನಿರುಪಯುಕ್ತ ವಸ್ತುಗಳಿಂದ ಪಾಠೋಪಕರಣ ಮಾಡುವುದನ್ನು ಕಲಿಸುತ್ತಿದ್ದರು. ನಮ್ಮ ತಂಡದವರೆಲ್ಲ ತೆಂಗಿನ ಚಿಪ್ಪಿನಿಂದ ಆಮೆ ಮಾಡಿದ್ದೆವು. ತರಬೇತಿ ಮುಗಿಯುವ ಹೊತ್ತಿಗೆ ಮಕ್ಕಳ ಕಲಿಕೆ ಎಷ್ಟು ಸುಧಾರಿಸಿತೋ ಗೊತ್ತಿಲ್ಲ, ಜಿಲ್ಲೆಯಲ್ಲಿ ಆಮೆಗಳಿಗಂತೂ ಬರವಿರಲಿಲ್ಲ. ಆದರೆ ನನಗೆ ನೆನಪಾದದ್ದು ಆಮೆಯಲ್ಲ, ಶಿರಾಳಕೊಪ್ಪದ ಸಂತೆಯಲ್ಲಿ ಹಿಂದೊಮ್ಮೆ ಕೊಂಡ ಪ್ಲಾಸ್ಟಿಕ್ ಆಟಿಕೆ. ಅಂಗೈಯಗಲದ ಡಬ್ಬಿ, ಒಳಗೆ ಬೆಕ್ಕಿನ ಚಿತ್ರ, ಎರಡು ಪುಟ್ಟ ಗುಂಡು. ಡಬ್ಬಿಯನ್ನು ಓಲಾಡಿಸಿ ಬೆಕ್ಕಿನ ಕಣ್ಣಿನ ಕುಳಿಗಳಲ್ಲಿ ಗುಂಡು ಕೂರಿಸಬೇಕು. ಅದನ್ನು ಆಡುವವರ ಮಣಿಕಟ್ಟು ಮೇಲೆ, ಕೆಳಗೆ, ಆಚೆ, ಈಚೆ ಆಡದೆ ಗತ್ಯಂತರವಿಲ್ಲ. ಮಾವನ ಕನ್ನಡಕಕ್ಕೆ ಆ ಬೆಕ್ಕು ಕಾಣುತ್ತಿರಲಿಲ್ಲವಾದ್ದರಿಂದ ದೊಡ್ಡದೊಂದನ್ನು ನಾನೇ ಮಾಡಬೇಕೆಂದು ಹೊರಟೆ.

ಸೀರೆ ಡಬ್ಬಿಯ ಮುಚ್ಚಳ ತೆಗೆದುಕೊಂಡೆ. ರಟ್ಟಿನ ಪಟ್ಟಿಗಳನ್ನು ಗೋಡೆಗಳಂತೆ ನಿಲ್ಲಿಸಿ ಮೈದಾ ಅಂಟಿನಿಂದ ಅಂಟಿಸಿದೆ. ಅಲ್ಲಲ್ಲಿ ಗುಂಡು ಕೆಳಗೆ ಬೀಳದೆ ಕೂರುವಷ್ಟು ತೂತು ಕೊರೆದೆ. ಗುಂಡುಗಳಿಗಾಗಿ ಹುಡುಕಾಡಬೇಕಾಗಲಿಲ್ಲ. ಆ ಅಪರಾಧಿ ಸೈಕಲ್ಲನ್ನು ರಿಪೇರಿ ಮಾಡಿಸಿದಾಗ ಚಕ್ರದೊಳಗಿಂದ ತೆಗೆದ ಹಳೆಯ ಉಕ್ಕಿನ ಗುಂಡುಗಳು ಕಿಟಕಿಯಲ್ಲೇ ಬಿದ್ದಿದ್ದವು. ಕೈಗೆ ಒಳ್ಳೆಯದು ಎಂದರೆ ಮಾವ ಮುಟ್ಟುವುದಿಲ್ಲವೆಂದು ಗೊತ್ತಿತ್ತು.

"ಮಾವ, ಶಾಲೆ ಮಕ್ಕಳಿಗೆ ಅಂತ ಮಾಡಿದೀನಿ. ತೀರಾ ಕಷ್ಟ ಆಯ್ತೇನೋ, ಒಂದು ಸಲ ನೋಡಿ ಹೇಳ್ತೀರಾ?"

"ತಾ ಇಲ್ಲಿ," ಎಂದು ಒಂದು ಕೈಯಲ್ಲಿ ಇಸಿದುಕೊಂಡರು. ಸ್ವಲ್ಪ ಹೊತ್ತಿಗೆ ಎರಡು ಕೈ ಹಾಕಿದರು. ಆಮೇಲೆ ಊಟಕ್ಕೆ ಕರೆದರೂ ಮುಚ್ಚಳದಿಂದ ತಲೆ ಎತ್ತಲಿಲ್ಲ.

ನನ್ನ ಗಂಡ ಅದನ್ನು ಒಮ್ಮೆ ಎತ್ತಿ ನೋಡಿ, "ಇದಕ್ಕೆ ಪೇಟೆಂಟ್ ಮಾಡಿಸಬೇಕು ಕಣೇ," ಎಂದು ಮಲಗಲು ಹೋದರು. ಈ ಆಟದ ವಿನ್ಯಾಸಕ್ಕೆ ಅವರ ಕೊಡುಗೆ ಅಷ್ಟೇ. ಮುಂದೆ ಬಹಳ ವರ್ಷ ಅವರು ಅದನ್ನು "ನಾವು ಮಾಡಿದ ಆಟ" ಎಂದೇ ಹೇಳಿಕೊಂಡು ತಿರುಗಿದರು.

ಮೈದಾ ಅಂಟಿನ ಗುಣ ಮನುಷ್ಯರಿಗಿಂತ ಜಿರಳೆಗಳಿಗೆ ಚೆನ್ನಾಗಿ ಗೊತ್ತು. ಕೆಲವೇ ದಿನಗಳಲ್ಲಿ ಅವು ಗೋಡೆಗಳನ್ನೆಲ್ಲ ಬುಡದಿಂದ ಮೆದ್ದು ಮುಗಿಸಿದವು. ಗೋಡೆಯಿಲ್ಲದ ಮೈದಾನದಲ್ಲಿ ಮಾವ ಒಂದೇ ಏಟಿಗೆ ಎಲ್ಲ ಗುಂಡುಗಳನ್ನೂ ಕೂರಿಸಿ, "ಅಭ್ಯಾಸ ಬಲ," ಎಂದರು.

ಎರಡನೆಯ ಸಲ ಮಕ್ಕಳ ಸ್ಲೇಟನ್ನು ಆರಿಸಿಕೊಂಡೆ. ಅದಕ್ಕೆ ಮರದ ಚೌಕಟ್ಟು ಇದ್ದೇ ಇರುತ್ತದೆ, ಜಿರಳೆ ತಿನ್ನುವುದಿಲ್ಲ. ಕಲ್ಲಿನಲ್ಲಿ ತೂತು ಕೊರೆಯಲು ಬರುವುದಿಲ್ಲವೆಂದು ಒಡೆದ ಗಾಜಿನ ಬಳೆಗಳ ಚೂರುಗಳನ್ನು ಬಡಗಿಗಳು ಬಳಸುವ ಬಿಳಿ ಅಂಟಿನಿಂದ ಕೂರಿಸಿದೆ. ನಡುವೆ ಒಂದು ಸುತ್ತು, ಅದಕ್ಕೊಂದು ಬಾಗಿಲು. ಹೊರಗೆ ಇನ್ನೊಂದು ಸುತ್ತು, ಅದರ ಬಾಗಿಲು ವಿರುದ್ಧ ದಿಕ್ಕಿಗೆ. ಗುಂಡುಗಳೆಲ್ಲ ಎರಡೂ ಬಾಗಿಲು ದಾಟಿ ನಡುವೆ ಸೇರಬೇಕು. ಗುಂಡು ಚೌಕಟ್ಟಿಗೆ ಬಡಿದು ಎಗರಿ ಬರುತ್ತಿದ್ದುದಕ್ಕೆ ಒಳಅಂಚಿಗೆಲ್ಲ ಹಳೇ ಕುಪ್ಪಸದ ಬಟ್ಟೆ ಅಂಟಿಸಿದೆ. ಫೋಟೋಗೆ ಕಟ್ಟು ಹಾಕುವ ಅಂಗಡಿಯಲ್ಲಿ ಮೇಲೊಂದು ಗಾಜು ಕೂರಿಸಿಕೊಂಡು ಬಂದೆ. ಗಾಜು ಹಾಕಿಸುವ ಮೊದಲು, ಬಾಗಿಲು ಎಷ್ಟು ಅಗಲವಿರಬೇಕೆಂಬುದೇ ನಿಜವಾದ ತಲೆನೋವಾಗಿತ್ತು. ಅಗಲವಾದರೆ ಒಳಗೆ ಹೋದ ಗುಂಡು ಹಾಗೇ ಹೊರಗೆ ಬರುತ್ತದೆ. ಕಿರಿದಾದರೆ ಒಂದೂ ಒಳಗೆ ಹೋಗುವುದಿಲ್ಲ, ಮಾವ ನನ್ನ ತವರಿನ ಬಗ್ಗೆ ಮಾತಾಡಲು ಶುರುಮಾಡುತ್ತಾರೆ. ಬಳೆ ಚೂರುಗಳನ್ನು ಕಿತ್ತು ಕಿತ್ತು ಅಂಟಿಸಿ ಕೊನೆಗೆ ಗುಂಡಿಗಿಂತ ಕೂದಲೆಳೆ ದೊಡ್ಡದಾದ ಬಾಗಿಲಿಗೆ ನಿಂತೆ.

ತವರಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನನ್ನ ಮದುವೆಯ ಊಟದಲ್ಲಿ ಬೀಗರ ಪಂಕ್ತಿಗೆ ಹೋಳಿಗೆಯ ಮೇಲೆ ತುಪ್ಪ ಸಾಲದೆ ಬಂದಿತ್ತು. "ತುಪ್ಪ ತೋರಿಸಿದರು, ಬಡಿಸಲಿಲ್ಲ" ಎಂಬುದು ಮಾವನ ವಾದ. "ಬರ್ತೀವಿ ಅಂದೋರು ಒಂದಷ್ಟು, ಬಂದೋರು ಸೊರಬದ ಅರ್ಧ" ಎಂಬುದು ಅಪ್ಪನ ವಾದ. ಅಂದಿನಿಂದ ಇಬ್ಬರೂ ಪರಸ್ಪರ ನೇರವಾಗಿ ಮಾತಾಡುತ್ತಿರಲಿಲ್ಲ. ಎದುರುಬದುರು ಕೂತಾಗಲೂ ನನ್ನ ಮೂಲಕವೇ ಮಾತು. ನಾನು ಓದಿದ್ದು ಟೀಚರ್ ಆಗಲು, ಮಾಡುತ್ತಿದ್ದದ್ದು ಟಪಾಲು.

ಸ್ಲೇಟಿನ ಗುಂಡುಗಳನ್ನೆಲ್ಲ ನಡುವೆ ಸೇರಿಸಿದ ದಿನ ಮಾವ ಎದೆಯುಬ್ಬಿಸಿ ಹೇಳಿದರು. "ಇದನ್ನ ತಗಂಡು ಹೋಗಿ ನಿಮ್ಮಪ್ಪಂಗೆ ಕೊಡು. ಪಹಣಿ ತಿದ್ದಿದ ಕೈಗೆ ಇದು ಆಗ್ತದಾ ನೋಡುವ."

ನಮ್ಮಪ್ಪ ಕಂದಾಯ ಇಲಾಖೆಯಿಂದ ನಿವೃತ್ತರಾದವರು. ಊಟದ ಎಲೆಯನ್ನೂ ಹೊಲದ ಹಾಗೆ ನಾಲ್ಕು ದಿಕ್ಕಿನ ಚಕ್ಕುಬಂದಿ ನೋಡಿಯೇ ಹಾಸಿಕೊಳ್ಳುವ ಜಾತಿ. ನಾನು ಭಾನುವಾರ ಶಿಕಾರಿಪುರಕ್ಕೆ ಹೋಗಿ ಸ್ಲೇಟು ಕೈಗಿಟ್ಟಾಗ ನಾಲ್ಕೂ ಕಡೆ ತಿರುಗಿಸಿ ನೋಡಿದರು. ಓಲಾಡಿಸಿದರು. ಗುಂಡುಗಳು ಗರಗರನೆ ಮೂಲೆಗೆ ಹೋಗಿ ಕೂತವು. ಮತ್ತೆ ಓಲಾಡಿಸಿದರು. ಇನ್ನೊಂದು ಮೂಲೆ.

"ಹದ್ದುಬಸ್ತು ಸರಿಯಿಲ್ಲ ಕಣವ್ವಾ ಇದು. ಬಾಗಿಲು ಎಲ್ಲೈತೆ, ದಾರಿ ಎಲ್ಲೈತೆ? ತಕರಾರು ಜಮೀನು ಇದ್ದಂಗೈತೆ."

"ಮಾವ ಹಾಕಿದ್ರು ಅಪ್ಪಾ."

"ಹಾಕಿರ್ತಾರೆ. ಕೈ ಮುರಕಂಡು ಕುಂತೋರಿಗೆ ಬ್ಯಾರೆ ಏನ್ ಕೆಲಸ? ಇಲ್ಲೇ ಇಟ್ಟು ಹೋಗು."

ಎಂಟು ಹತ್ತು ದಿನ ಕಳೆದಿರಬೇಕು. ಸ್ಲೇಟು ಬಸ್ಸಿನಲ್ಲಿ ವಾಪಸ್ಸು ಬಂತು, ಕಂಡಕ್ಟರ ಕೈಯಲ್ಲಿ. ಆತ ಅದನ್ನು ಅಂಗಡಿಗೇ ತಂದು ಮಾವನಿಗೆ ಕೊಟ್ಟು ವರದಿ ಒಪ್ಪಿಸಿದ.

"ಏನ್ ಕೈರೀ ಸಾಹುಕಾರ್ರೆ ನಿಮ್ಮ ಬೀಗ್ರುದು! ಬಸ್ ಸ್ಟ್ಯಾಂಡಿನಾಗೆ ನನ್ನ ಎದುರಿಗೇ, ಕಣ್ಣು ಮಿಟುಕಿಸೋದ್ರೊಳಗೆ ಅಷ್ಟೂ ಗುಂಡು ಒಳಗೆ ಹಾಕಿಬಿಟ್ರು ನೋಡ್ರಿ."

ಮಾವನ ಮುಖ ನೋಡುವಂತಿರಲಿಲ್ಲ. ಆ ಸಂಜೆ ಬೆಲ್ಲ ಕೇಳಿದವರಿಗೆ ಉಪ್ಪು ಕಟ್ಟಿದರು. ರಾತ್ರಿ ಊಟಕ್ಕೆ ಕೂತಾಗ, "ನೀನು ನಿಮ್ಮಪ್ಪಂಗೆ ಗುಟ್ಟು ಹೇಳಿಕೊಟ್ಟೆ ಅಲ್ದಾ?" ಎಂದರು. ನನಗೆ ನಿಜವಾಗಿಯೂ ಬೇಸರವಾಯಿತು. ಮುರಿದ ಕೈಗೆಂದು ಮಾಡಿದ ಆಟದಲ್ಲಿ ನಾನು ಒಮ್ಮೆಲೇ ಗೂಢಚಾರಿಣಿಯಾಗಿಬಿಟ್ಟಿದ್ದೆ.

ಮರುದಿನ ಸ್ಲೇಟು ಒರೆಸುವಾಗ ಒಂದು ವಿಚಿತ್ರ ಕಂಡಿತು. ಗುಂಡುಗಳು ಒಂಟಿಯಾಗಿ ಉರುಳುತ್ತಿರಲಿಲ್ಲ. ಒಂದರ ಹಿಂದೆ ಒಂದು ಅಂಟಿಕೊಂಡು, ಪ್ರಾರ್ಥನೆಗೆ ಹೊರಟ ಮಕ್ಕಳ ಸಾಲಿನಂತೆ ಸಾಗುತ್ತಿದ್ದವು. ಉಕ್ಕಿಗೆ ಆಯಸ್ಕಾಂತ ತಾಗಿಸಿದರೆ ಹಾಗಾಗುತ್ತದೆಂದು ನಾನೇ ವರ್ಷಕ್ಕೊಮ್ಮೆ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಶಿಕಾರಿಪುರದ ನಮ್ಮ ಮನೆಯಲ್ಲಿ ಕೆಟ್ಟ ರೇಡಿಯೋ ಒಂದಿತ್ತು, ಅದರ ಸ್ಪೀಕರಿನಲ್ಲಿ ಒಳ್ಳೆಯ ಆಯಸ್ಕಾಂತವೂ ಇತ್ತು. ಸ್ಲೇಟಿನ ಅಡಿಯಲ್ಲಿ ಅದನ್ನು ಹಿಡಿದು ಗುಂಡುಗಳನ್ನು ಎಳೆದುಕೊಂಡು ಹೋಗುವುದಕ್ಕೆ ಕೈಚಳಕ ಬೇಕಿಲ್ಲ.

ಮುಂದಿನ ಸಲ ಹೋದಾಗ ಕೇಳಿಯೇಬಿಟ್ಟೆ. "ಅಪ್ಪಾ, ಆಯಸ್ಕಾಂತ ಇಟ್ಟಿದ್ರಾ?"

ಅಪ್ಪ ಕನ್ನಡಕ ಸರಿಮಾಡಿಕೊಂಡರು. ಅವರ ಮುಖದಲ್ಲಿ ನಾಚಿಕೆಯ ಒಂದೆಳೆಯಾದರೂ ಇದ್ದಿದ್ದರೆ ಅದು ಕನ್ನಡಕದ ಹಿಂದೆ ಇದ್ದಿರಬೇಕು. "ಇಡಬಾರದು ಅಂತ ನಿಯಮದಾಗ ಎಲ್ಲೈತೆ?"

"ನಿಯಮಾನೇ ಇಲ್ಲವಲ್ಲಪ್ಪಾ."

"ಹಾಂ, ಅದನ್ನೇ ನಾನೂ ಹೇಳೋದು."

ಇದನ್ನು ನಾನು ನನ್ನ ಗಂಡನಿಗೆ ಮಾತ್ರ ಹೇಳಿದೆ. ಅವರು ಅವರಮ್ಮನಿಗೆ ಮಾತ್ರ ಹೇಳಿದರು. ಅತ್ತೆ ಮಾವನಿಗೆ ಮಾತ್ರ ಹೇಳಿದರು. ಮಾವ ಬಂದ ಗಿರಾಕಿಗಳಿಗೆಲ್ಲ ಹೇಳಿದರು. "ಸರ್ಕಾರಿ ಕೆಲಸ ಮಾಡಿದೋರು ನೋಡಿ. ಮೇಜಿನ ಕೆಳಗೆ ಕೈ ಇಲ್ದಿದ್ರೆ ಮೇಲೆ ಯಾವ ಕೆಲ್ಸಾನೂ ನಡೆಯಲ್ಲ."

ಈ ಮಾತು ಕಂಡಕ್ಟರ ಜೊತೆ ಶಿಕಾರಿಪುರ ತಲುಪಲು ಅರ್ಧ ದಿನ ಹಿಡಿದಿರಬಹುದು.

ಇನ್ನು ಉಕ್ಕಿನ ಗುಂಡು ಬೇಡವೆಂದು ತೀರ್ಮಾನಿಸಿದೆ. ಗಾಜಿನ ಗೋಲಿಗೆ ಯಾವ ಆಯಸ್ಕಾಂತವೂ ನಾಟುವುದಿಲ್ಲ. ಆದರೆ ಗೋಲಿಗೆ ಸ್ಲೇಟು ಸಾಲದು. ಶಾಲೆಯಲ್ಲಿ ಒಂದು ಕೇರಂ ಬೋರ್ಡು ನೀರು ಕುಡಿದು ಉಬ್ಬಿ ಮೂಲೆ ಸೇರಿತ್ತು. ಹೆಡ್ ಮಾಸ್ತರರನ್ನು ಕೇಳಿ ಅದನ್ನು ಮನೆಗೆ ತಂದೆ. ಬಳೆ ಚೂರುಗಳ ಜಾಗದಲ್ಲಿ ಬಿದಿರಿನ ಪಟ್ಟಿಗಳು, ನಡುವೆ ತೆಂಗಿನ ಚಿಪ್ಪಿನ ಅಂಚನ್ನು ಉಂಗುರದಂತೆ ಕೊಯ್ದು, ಬಾಗಿಲು ಬಿಟ್ಟು ಮಾಡಿದ ಮನೆ. ಮೂಲೆಯ ತೂತಿಗೆ ಬಿದ್ದ ಗೋಲಿ ಸತ್ತಂತೆ. ಮಾಡಿ ಮುಗಿಸಿ ಎತ್ತಲು ಹೋದರೆ ಒಬ್ಬರಿಂದ ಆಗುತ್ತಿರಲಿಲ್ಲ. ಆಚೆ ಒಬ್ಬರು, ಈಚೆ ಒಬ್ಬರು ಹಿಡಿದರೇ ಸರಿ. ಇದನ್ನು ನಾನು ಮೊದಲೇ ಯೋಚಿಸಿದ್ದೆ ಎಂದು ಹೇಳಿಕೊಂಡರೆ ಜಾಣೆ ಅನ್ನಿಸಿಕೊಳ್ಳಬಹುದು. ನಿಜವಾಗಿ, ಎತ್ತಲಾರದೆ ಸೊಂಟ ಹಿಡಿದುಕೊಂಡು ನಿಂತಾಗ ಹೊಳೆಯಿತು.

ಅಷ್ಟರಲ್ಲಿ ಅಪ್ಪ ಬೀಗರ ಕೈ ವಿಚಾರಿಸಲು ಬಂದರು. ಕೈ ಮುರಿದು ತಿಂಗಳುಗಳಾದ ಮೇಲೆ ವಿಚಾರಿಸುವುದೂ ಒಂದು ಬಗೆಯ ವಿಚಾರಣೆ. ಜಗಲಿಯ ಆ ತುದಿಯಲ್ಲಿ ಒಬ್ಬರು, ಈ ತುದಿಯಲ್ಲಿ ಒಬ್ಬರು ಕೂತರು.

"ಕೈ ಹೆಂಗೈತೆ ಅಂತ ಕೇಳವ್ವಾ ನಿಮ್ಮ ಮಾವಾರನ್ನ."

"ಅಡ್ಡಿಲ್ಲ ಅಂತ ಹೇಳು ನಿಮ್ಮಪ್ಪಂಗೆ."

ನಾನು ಆ ಟಪಾಲು ಮುಟ್ಟಿಸದೆ ಒಳಗೆ ಹೋಗಿ, ನನ್ನ ಗಂಡನ ಸಹಾಯದಿಂದ ಬೋರ್ಡು ತಂದು ಇಬ್ಬರ ನಡುವೆ ಇಟ್ಟೆ. "ಇದನ್ನ ಒಬ್ಬರೇ ಆಡೋಕಾಗಲ್ಲ. ಯಾರಾದ್ರೂ ಆಡೋದಿದ್ರೆ ಆಡಿ, ಇಲ್ದಿದ್ರೆ ಒಲೆಗೆ ಹಾಕ್ತೀನಿ," ಎಂದು ಮಂಡಕ್ಕಿ ಕಲಸಲು ಅಡುಗೆಮನೆಗೆ ನಡೆದೆ.

ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದಾಗ ಜಗಲಿಯಿಂದ ಗೋಲಿ ಉರುಳುವ ಸದ್ದು ಬಂತು. ಆಮೇಲೆ ಮಾವನ ದನಿ, "ಎತ್ತಿ! ನಿಮ್ಮ ಕಡೆ ಎತ್ತಿ!" ಅಪ್ಪನ ದನಿ, "ಎತ್ತೀನ್ರೀ! ನೀವು ಇಳಿಸ್ರಿ ಮೊದ್ಲು!" "ನಿಧಾನಕ್ಕೆ ಮಾರಾಯ್ರೆ, ಜಮೀನು ಅಳೀತಿಲ್ಲ ನೀವು!" "ನೀವು ಅಕ್ಕಿ ಕೇರ್ದಂಗೆ ಕೇರ್ತೀರಲ್ರೀ!"

ಅತ್ತೆ ನನ್ನ ಮುಖ ನೋಡಿದರು. ನಾನು ಈಳಿಗೆಮಣೆ ಬಿಟ್ಟು ಬಾಗಿಲಿಗೆ ಬಂದೆ. ಮಾತನ್ನು ನನ್ನ ಮೂಲಕ ಕಳಿಸಲು ಪುರಸೊತ್ತೇ ಇರಲಿಲ್ಲ ಅವರಿಗೆ. ಇಬ್ಬರೂ ನಿಂತಿದ್ದರು, ಇಬ್ಬರ ಪಂಚೆಯೂ ಸಡಿಲವಾಗಿತ್ತು, ಯಾರೂ ಬೋರ್ಡು ಬಿಟ್ಟು ಕಟ್ಟಿಕೊಳ್ಳಲು ತಯಾರಿರಲಿಲ್ಲ. ನನಗೆ ನಗು ಬರಬೇಕಿತ್ತು. ಯಾಕೋ ಸೆರಗಿನಿಂದ ಕಣ್ಣೊರೆಸಿಕೊಂಡೆ. ಈರುಳ್ಳಿ ಇತ್ತಲ್ಲ, ಅನುಕೂಲವಾಯಿತು.

ಇಬ್ಬರೂ ಸ್ನೇಹಿತರಾದರು ಎಂದು ಬರೆದರೆ ಓದುವವರಿಗೆ ಸಂತೋಷವಾಗಬಹುದು, ಆದರೆ ಹಾಗಾಗಲಿಲ್ಲ. ಕೊನೆಯ ಗೋಲಿ ಮನೆ ಸೇರುವ ಹೊತ್ತಿಗೆ ಮಾವನ ಮಣಿಕಟ್ಟು ಸೋತಿತೋ, ಅಪ್ಪ ಅವಸರಪಟ್ಟರೋ, ಬೋರ್ಡು ವಾಲಿತು. ಗೋಲಿಗಳು ಜಗಲಿ ಹಾರಿ, ಮೆಟ್ಟಿಲು ಇಳಿದು, ಚರಂಡಿ ಸೇರಿದವು. ಆಮೇಲೆ ನಡೆದ ಜಗಳ ಅಕ್ಕಪಕ್ಕದ ಮನೆಯವರು ಹೊರಗೆ ಬಂದು ನಿಲ್ಲುವಷ್ಟಿತ್ತು. ಆದರೆ ಅದು ಮುಖಕ್ಕೆ ಮುಖ ಕೊಟ್ಟು ಆಡಿದ ಜಗಳ. "ಹೇಳವ್ವಾ" ಎಂಬ ಮಾತು ಒಂದು ಸಲವೂ ಬರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ನಾನು ಒಂದು ಕಡೆ ಸುಮ್ಮನೆ ಕೂತು ಮಂಡಕ್ಕಿ ತಿಂದೆ.

ಮಾವನ ಕೈ ಪೂರ್ತಿ ಸರಿಯಾಯಿತು. ಡಾಕ್ಟರು ಬೆರಗಾಗಿ ಏನು ಮಾಡಿದಿರಿ ಎಂದು ಕೇಳಿದರೆ, ಕ್ಯಾಸನೂರಿನ ಕಡೆಯಿಂದ ಯಾರೋ ತಂದುಕೊಟ್ಟ ಬೇರಿನ ಎಣ್ಣೆ ಎಂದರು ಮಾವ. ನಾನು ಅಲ್ಲೇ ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದೆ.

ಅದು ಆಮೇಲಿನ ಮಾತಾಯಿತು. ಜಗಳದ ಮರುದಿನ ಬೆಳಿಗ್ಗೆ ಅಪ್ಪ ಊರಿಗೆ ಹೊರಟಾಗ, "ನಂಗೂ ಶಿರಾಳಕೊಪ್ಪದಲ್ಲಿ ಸಾಮಾನು ನೋಡೋದದೆ," ಎಂದು ಮಾವನೂ ಅದೇ ಬಸ್ಸು ಹತ್ತಿದರು. ಅಂದು ಭಾನುವಾರ, ಶಾಲೆಗೆ ರಜೆಯಿದ್ದುದರಿಂದ ನಾನೂ ಹತ್ತಿದೆ, ಜಗಳ ಬಿಡಿಸುವವರು ಒಬ್ಬರು ಬೇಕಲ್ಲ. ದಾರಿಯುದ್ದಕ್ಕೂ ಯಾರು ಮೊದಲು ಕೈ ವಾಲಿಸಿದರು ಎಂಬ ವಿಚಾರಣೆ ನಡೆಯಿತು. ಶಿರಾಳಕೊಪ್ಪದಲ್ಲಿ ಇಳಿದವರು ಯಾವ ಸಾಮಾನನ್ನೂ ನೋಡಲಿಲ್ಲ. ನೇರವಾಗಿ ಆಟಿಕೆ, ಬಳೆ ಮಾರುವ ಅಂಗಡಿಗೆ ಹೋಗಿ ಗೋಲಿಯ ಡಬ್ಬಿ ಮುಂದೆ ನಿಂತರು. ಮಾವ ಸಣ್ಣವು ಬೇಕೆಂದರು, ಅಪ್ಪ ದಪ್ಪವು ಬೇಕೆಂದರು. ಒಂದೊಂದನ್ನೂ ಬೆಳಕಿಗೆ ಹಿಡಿದು, ಗಲ್ಲಾದ ಹಲಗೆಯ ಮೇಲೆ ಉರುಳಿಸಿ, ದುಂಡಗಿಲ್ಲವೆಂದು ವಾಪಸ್ಸು ಹಾಕಿದರು. ಅಂಗಡಿಯವನಿಗೆ ಸಾಕಾಗಿಹೋಯಿತು.

"ಮೊಮ್ಮಕ್ಕಳಿಗೇನ್ರೀ?" ಎಂದ.

"ಹೂಂ ಮತ್ತೆ," ಎಂದರು ಇಬ್ಬರೂ, ಒಟ್ಟಿಗೆ.

"ಎಷ್ಟು ಜನ ಅದಾರ್ರಿ?"

"ಇಬ್ರು," ಎಂದರು ಮಾವ.

"ಮೂವರು," ಎಂದರು ಅಪ್ಪ.

ಆಗ ನನಗೆ ಒಂದು ಮಗುವೂ ಇರಲಿಲ್ಲ. ಅಂಗಡಿಯವನು ನನ್ನ ಕಡೆ ತಿರುಗಿ ನೋಡಿದ. ನಾನು ಬಳೆ ನೋಡುತ್ತಾ ನಿಂತೆ.