ಹೊಸ ಗ್ಲಾಸು ಹಾಕಿಸಿದ ಮೇಲೆ ನನಗೆ ರಸ್ತೆ ತಪ್ಪಿದ್ದು

ನಾನು ಒಬ್ಬ ಮನುಷ್ಯನಿಗೆ ಗಾಡಿ ಗುದ್ದಿದೆ. ಅವರು ಕೊಟ್ಟೂರಿಗೆ, ನಮ್ಮ ಗುರುಬಸವೇಶ್ವರನ ದರ್ಶನಕ್ಕೆ, ಬರಿಗಾಲಲ್ಲಿ ನಡೆದು ಬರುತ್ತಿದ್ದರು. ನನ್ನ ಗಾಡಿಯ ಮುಂದಿನ ಗ್ಲಾಸಿನ ಮೇಲೆ ಅದೇ ದೇವರ ವಿಭೂತಿ ಬರೆಸಿದ್ದೆ. ಶರಣ ಬಂಧುಗಳೇ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ದೇವರು ನನ್ನ ಕೈ ಹಿಡಿದ ಎಂದು ಆಮೇಲೆ ಬರೆಯುವವನಿದ್ದೇನೆ, ಆ ಕೈ ಎಂಥ ಕೆಲಸ ಮಾಡಿತ್ತು ಎಂಬುದು ನಿಮಗೆ ಗೊತ್ತಿರಬೇಕು. ಇದಾಗಿ ಎಷ್ಟೋ ವರ್ಷಗಳಾದವು.

ನನ್ನ ಹೆಸರು ಸಿದ್ದಪ್ಪ, ಊರು ಹಗರಿಬೊಮ್ಮನಹಳ್ಳಿ. ಅಲ್ಲಿಂದ ಕೊಟ್ಟೂರಿನ ಮೇಲೆ ಹರಪನಹಳ್ಳಿಗೆ ಟೆಂಪೊ ಹೊಡೆಯುತ್ತಿದ್ದೆ. ಸ್ವಂತ ಗಾಡಿ. ಹದಿನಾಲ್ಕು ವರ್ಷ ಅದೇ ರಸ್ತೆ, ಅದೇ ಗಾಡಿ, ಒಂದು ಕೋಳಿಯನ್ನೂ ತುಳಿಸಿದವನಲ್ಲ. ಆ ಕಾಲದಲ್ಲಿ ರಸ್ತೆ ಎಂದರೆ ಒಂದೇ ಗಾಡಿಯ ಅಗಲದ ಡಾಂಬರು. ಎದುರಿಗೆ ಬಸ್ಸೋ ಲಾರಿಯೋ ಬಂದರೆ ಎಡಗಡೆಯ ಗಾಲಿಯನ್ನು ಡಾಂಬರಿನ ಅಂಚಿಗೆ ತಂದು ದಾರಿ ಬಿಡಬೇಕು. ಒಂದು ಗೇಣು ಹೆಚ್ಚಾದರೆ ಗಾಡಿ ತಗ್ಗಿಗೆ, ಕಡಿಮೆಯಾದರೆ ಲಾರಿಗೆ. ನಾನು ಬೆರಳಿನಷ್ಟೂ ತಪ್ಪದೆ ತರುತ್ತಿದ್ದೆ. "ಸಿದ್ದಪ್ಪನ ಗಾಡ್ಯಾಗ ಕುಂತ್ರ ತೊಟ್ಲಾಗ ಕುಂತಂಗ ನೋಡ್ರಿ" ಎಂದು ಸಂತೆಗೆ ಹೋಗುವ ಹೆಂಗಸರು ಹೇಳುತ್ತಿದ್ದರು. ನಾನು ಕೇಳಿಸದವನಂತೆ ಕೂತು, ಇನ್ನೊಮ್ಮೆ ಹೇಳಲಿ ಎಂದು ಕಾಯುತ್ತಿದ್ದೆ. ಅಷ್ಟು ಸೊಕ್ಕಿತ್ತು.

ಗಾಡಿ ಕೊಂಡ ದಿನ ಕೊಟ್ಟೂರಿನ ಗುಡಿಯ ಮುಂದೆ ಪೂಜೆ ಮಾಡಿಸಿದ್ದೆ. ವಯಸ್ಸಾದ ಅಯ್ಯನವರು ಗಾಡಿಯ ಎಡಗಡೆ ನಿಂತು, ಕೈ ಎಟುಕಿದಲ್ಲಿ, ಗ್ಲಾಸಿನ ಕೆಳಭಾಗಕ್ಕೆ ಮೂರು ಬೆರಳಿನ ವಿಭೂತಿ ಎಳೆದು ನಡುವೆ ಕುಂಕುಮದ ಬೊಟ್ಟಿಟ್ಟರು. ಮಳೆಗೆ ತೊಳೆದುಹೋಗಬಾರದೆಂದು ಮರುದಿನವೇ ಅದರ ಮೇಲೆಯೇ ಎಣ್ಣೆಬಣ್ಣದಲ್ಲಿ ಬರೆಸಿದೆ. ಬಿಳಿಯ ಮೂರು ಪಟ್ಟೆ, ಕೆಂಪು ಬೊಟ್ಟು. ಹದಿನಾಲ್ಕು ವರ್ಷ ಅದು ಅಲ್ಲೇ ಇತ್ತು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ, ಒಂದು ಕಾರ ಹುಣ್ಣಿಮೆಯ ಹಿಂದೆಮುಂದೆ, ಕೂಡ್ಲಿಗಿಯ ಹೆದ್ದಾರಿಯಲ್ಲಿ ಮುಂದಿನ ಲಾರಿಯ ಗಾಲಿಯಿಂದ ಕಲ್ಲು ಸಿಡಿದು ಗ್ಲಾಸು ಪುಡಿಪುಡಿಯಾಯಿತು. ಹೊಸಪೇಟೆಗೆ ಹೋಗಿ ಹೊಸದು ಹಾಕಿಸಿದೆ. ಅಚ್ಚುಕಟ್ಟಾಗಿ ಕೂರಿಸಿಕೊಟ್ಟರು, ಅವರ ಕೆಲಸದಲ್ಲಿ ಯಾವ ಐಬೂ ಇರಲಿಲ್ಲ. ಕೊಟ್ಟೂರಿಗೆ ಬಂದು ಮತ್ತೆ ಪೂಜೆಯಾಯಿತು. ಈ ಸಲ ಪೇಂಟರನಿಗೆ ನಾನೇ ಹೇಳಿದೆ: "ಮದ್ಲಿನದು ಒಂದು ಕಡಿಗೆ ಸರದಿತ್ತು. ದೇವರು ಮೂಲ್ಯಾಗ ಇರಬಾರ್ದು. ನಟ್ಟನಡಕ ಬರಿ." ಅವನು ಅಳತೆ ಹಿಡಿದು, ಗ್ಲಾಸಿನ ಕೆಳಭಾಗದಲ್ಲೇ ಆದರೆ ನಟ್ಟನಡುವೆ ಬರೆದ. ನಾನು ದೂರ ನಿಂತು ನೋಡಿ, ಚಂದ ಬಂತು ಎಂದು ಕೈ ಮುಗಿದೆ.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಎದುರಿಗೆ ಗಾಡಿ ಬಂದಾಗಲೆಲ್ಲ ನನ್ನ ಗಾಡಿಯ ಎಡಗಾಲಿ ಡಾಂಬರು ಬಿಟ್ಟು ಮಣ್ಣಿಗೆ ಇಳಿಯತೊಡಗಿತು. ಒಂದು ದಿನ ತಂಬ್ರಹಳ್ಳಿಯವರೊಬ್ಬರ ಎತ್ತಿನ ಗಾಡಿಯ ಮುಂದೆ ಚಾಚಿದ್ದ ಮೂಕಿಗೆ ತಾಗಿತು. ಇನ್ನೊಂದು ದಿನ ಕಿಲೋಮೀಟರ್ ಕಲ್ಲಿಗೆ ಉಜ್ಜಿತು. ಮೇಸ್ತ್ರಿಗೆ ತೋರಿಸಿದೆ. ಅವನು ಸ್ಟೇರಿಂಗು, ಗಾಲಿ ಎಲ್ಲ ನೋಡಿ, "ಗಾಡಿಗೇನೂ ಆಗಿಲ್ಲಣ್ಣ, ನಿನ್ನ ತೋರಿಸ್ಕ" ಎಂದ. ಕಣ್ಣಿನ ಡಾಕ್ಟರು ಅಕ್ಷರಗಳನ್ನೆಲ್ಲ ಓದಿಸಿ, ಕಣ್ಣು ಚೆನ್ನಾಗಿದೆ ಎಂದು ಕಳಿಸಿದರು. ಹೆಂಡತಿ ಗೌರಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಆಗ ನನಗೆ ನೆನಪಾಯಿತು. ಒಡೆದ ಗ್ಲಾಸಿನ ಚೂರುಗಳನ್ನು ನಾನು ಹೊಸಪೇಟೆಯಲ್ಲಿ ರಸ್ತೆ ಬದಿಯ ತಿಪ್ಪೆಗೆ ಸುರಿದು ಬಂದಿದ್ದೆ. ಅವುಗಳ ಮೇಲೆ ದೇವರ ವಿಭೂತಿ ಇತ್ತಲ್ಲ! ದೇವರು ಮುನಿದಿದ್ದಾನೆ ಎಂದು ನಂಬಿಬಿಟ್ಟೆ. ಪ್ರತಿ ದಿನ ಗಾಡಿ ಹತ್ತುವ ಮುಂಚೆ ಆ ಹೊಸ ವಿಭೂತಿಯನ್ನು ಕಣ್ಣಿಟ್ಟು ನೋಡಿ, ತಪ್ಪಾಯಿತು ಎಂದು ಬೇಡುತ್ತಿದ್ದೆ. ದಾರಿಯುದ್ದಕ್ಕೂ ಅದರ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ಗಾಡಿ ಇನ್ನಷ್ಟು ಎಡಕ್ಕೆ ಹೋಗುತ್ತಿತ್ತು.

ಶ್ರಾವಣದ ಎರಡನೇ ಸೋಮವಾರ, ಬೆಳಗಿನ ಹತ್ತು ಗಂಟೆ. ಕೊಟ್ಟೂರು ಬಿಟ್ಟು ಹರಪನಹಳ್ಳಿಯ ಕಡೆ ಹೊರಟಿದ್ದೆ. ಎದುರಿಗೆ ಲಾರಿ ಬಂತು, ಎಡಕ್ಕೆ ಸರಿದೆ. ಬೇವಿನ ಮರಗಳ ನೆರಳು ಹಿಡಿದು, ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬರು ನನ್ನ ಎದುರಿಗೇ ನಡೆದು ಬರುತ್ತಿದ್ದರು. ಕಾಣಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕಂಡರು. ಅವರಿಗೂ ಗಾಡಿಗೂ ಗೇಣಿನಷ್ಟು ಅಂತರವಿದೆ ಎಂದು ನನಗೆ ಖಾತ್ರಿಯಿತ್ತು.

ಧಡ್ ಎಂದಿತು.

ಇಳಿದು ನೋಡಿದರೆ ಅವರು ಚರಂಡಿಯಲ್ಲಿ ಬಿದ್ದಿದ್ದರು. ಒಂದು ಕಾಲು ಕಾಲಿನ ಹಾಗಿರಲಿಲ್ಲ. ಚೀಲದಿಂದ ಎರಡು ತೆಂಗಿನಕಾಯಿ ಉರುಳಿ ರಸ್ತೆಯ ನಡುವೆ ನಿಂತಿದ್ದವು. ಮತ್ತೆ ಸ್ಟೇರಿಂಗು ಹಿಡಿಯಲು ನನಗೆ ಧೈರ್ಯ ಬರಲಿಲ್ಲ. ಪುಣ್ಯಕ್ಕೆ ಹಿಂದೆಯೇ ಕೆಂಪು ಬಸ್ಸು ಬಂತು. ಕಂಡಕ್ಟರು ಹಿಂದಿನ ಉದ್ದ ಸೀಟು ಖಾಲಿ ಮಾಡಿಸಿ ಅವರನ್ನು ಮಲಗಿಸಿದರು. ನಾನು ಬಸ್ಸಿನ ನೆಲದ ಮೇಲೆ ಕೂತು ಅವರ ತಲೆ ಹಿಡಿದುಕೊಂಡೆ. ರಕ್ತ ನನ್ನ ಅಂಗೈಯಲ್ಲಿ ಬೆಚ್ಚಗಿತ್ತು. ಆಗ ಬೇಡಿಕೊಂಡೆ: ಗುರುವೇ, ಈ ಜೀವ ಉಳಿಸು, ಇನ್ನು ನಾನು ಸ್ಟೇರಿಂಗು ಮುಟ್ಟುವುದಿಲ್ಲ.

ಹರಪನಹಳ್ಳಿಯಲ್ಲಿ ಪಟ್ಟಿ ಕಟ್ಟಿ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ತೊಡೆಯ ಎಲುಬು ಮುರಿದಿತ್ತು, ತಲೆಗೂ ಪೆಟ್ಟು. ಮೂರು ದಿನ ಪ್ರಜ್ಞೆಯಿಲ್ಲ. ಅವರ ಹೆಸರು ದುರುಗಪ್ಪ, ಹಲವಾಗಲಿನವರು, ಗೋಡೆ ಕಟ್ಟುವ ಗೌಂಡಿ. ಪೊಲೀಸರ ಮುಂದೆ ತಪ್ಪು ನನ್ನದೇ ಎಂದು ಬರೆಸಿದ್ದೆ. ಅವರ ಹೆಂಡತಿ ಹನುಮಕ್ಕನ ಮುಂದೆ ಮಾತ್ರ ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಹಾಕಿಕೊಂಡು ಬಂದ ಪುಣ್ಯಾತ್ಮ ಎಂದೇ ಆಕೆ ನನ್ನನ್ನು ತಿಳಿದಿದ್ದರು. ವರಾಂಡದಲ್ಲಿ ಕೂತು ಬುತ್ತಿ ಬಿಚ್ಚಿ, "ಉಣ್ಣಪ್ಪಾ, ಎರಡು ದಿನ ಆತು ನೀ ಏನೂ ತಿಂದಿಲ್ಲ" ಎಂದು ರೊಟ್ಟಿ ಕೊಟ್ಟರು. ತಿಂದೆ. ಆ ರೊಟ್ಟಿ ಗಂಟಲಲ್ಲಿ ಇಳಿದದ್ದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನ ದುರುಗಪ್ಪ ಕಣ್ಣು ಬಿಟ್ಟರು. ಹೆಂಡತಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು, ಬಹಳ ಹೊತ್ತು.

"ನೀನ ಅಲ್ಲೇನು, ಟೆಂಪೊದಾಂವ?"

ಹನುಮಕ್ಕ ನನ್ನ ಮುಂದೆ ಚಾಚಿದ್ದ ಬುತ್ತಿಯನ್ನು ಹಿಂದಕ್ಕೆ ತೆಗೆದುಕೊಂಡು, ಸದ್ದಿಲ್ಲದೆ ಮುಚ್ಚಳ ಹಾಕಿದರು. ಬೈಯಲಿಲ್ಲ. ಹೊಡೆದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ನಾನು ಮಂಚದ ಕಾಲು ಹಿಡಿದು ಅತ್ತೆ.

"ಅಳಬ್ಯಾಡ. ಮದ್ಲು ಒಂದು ಮಾತು ಹೇಳು," ಎಂದರು ದುರುಗಪ್ಪ. ಒಂದೊಂದೇ ಪದ ತಡೆದು ತಡೆದು ಬರುತ್ತಿತ್ತು. "ಗ್ಲಾಸಿನ ಮ್ಯಾಲೆ ವಿಭೂತಿ ಬರಸೀಯಲ್ಲ, ಅದು ಮದ್ಲಿಂದ ಅಲ್ಲೇ ಇತ್ತೇನು?"

ತಲೆಗೆ ಪೆಟ್ಟು ಬಿದ್ದು ಬಡಬಡಿಸುತ್ತಿದ್ದಾರೆ ಎಂದುಕೊಂಡೆ. "ಇಲ್ಲಣ್ಣ. ಹಳೇ ಗ್ಲಾಸಿನಾಗ ಎಡಕ್ಕಿತ್ತು. ಹೊಸಾದು ಹಾಕ್ಸಿದ ಮ್ಯಾಲೆ ನಡಕ ಬರಸೀನಿ."

"ಹಂಗಾರ ಗೊತ್ತಾತು ಬಿಡು." ಅವರು ಕಣ್ಣು ಮುಚ್ಚಿದರು. ಮತ್ತೆ ತೆರೆದರು. "ನಾನು ಗೌಂಡಿ ಅದೀನಿ. ಮೂವತ್ತು ವರ್ಷ ದಾರ ಹಿಡದು ಗ್ವಾಡಿ ಕಟ್ಟೀನಿ. ಒಂದು ಗುರ್ತಿನ ಮ್ಯಾಲೆ ಕಣ್ಣಿಟ್ಟು ನೋಡೋರ ಮುಖ ಹೆಂಗಿರತೈತಿ ಅಂತ ನಂಗ ಗೊತ್ತೈತಿ. ಅವತ್ತು ನಿನ್ನ ಮುಖ ಹಂಗಿತ್ತು. ತಲಿ ವಾಲಿಸಿ ಆ ಕೆಂಪು ಬೊಟ್ಟು ಹಿಡ್ಕಂಡು ಬರಾಕತ್ತಿದ್ದಿ. ಗುರ್ತು ತಪ್ಪಿದ್ರ ಗ್ವಾಡಿ ವಾಲತೈತಿ. ನಿನ್ನ ಗಾಡಿ ವಾಲೈತಿ."

ಇಷ್ಟು ವರ್ಷ ನಾನು ಡಾಂಬರಿನ ಅಂಚನ್ನು ಆ ಬೊಟ್ಟಿಗೆ ಹೊಂದಿಸಿಕೊಂಡು ಗಾಡಿ ಹೊಡೆಯುತ್ತಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಮೇಸ್ತ್ರಿಗೆ ಗೊತ್ತಾಗಲಿಲ್ಲ, ಡಾಕ್ಟರಿಗೆ ಗೊತ್ತಾಗಲಿಲ್ಲ. ನನ್ನ ಗಾಡಿ ಮೈಮೇಲೆ ಬರುತ್ತಿದ್ದ ಆ ಒಂದು ಕ್ಷಣದಲ್ಲಿ ಈ ಮನುಷ್ಯ ಅದನ್ನು ನೋಡಿ, ನೆನಪಿಟ್ಟುಕೊಂಡು, ಸಾವಿನ ಬಾಯಿಂದ ಎದ್ದು ಬಂದು ನನಗೇ ಹೇಳುತ್ತಿದ್ದರು. ಹನುಮಕ್ಕ ಗಂಡನ ಹಣೆ ಒರೆಸುತ್ತ, "ಇಂಥಾ ಹೊತ್ನ್ಯಾಗೂ ನಿಮಗ ಗ್ವಾಡಿ ಮಾತಾ?" ಎಂದು ಅತ್ತರು, ಅಳುತ್ತಲೇ ನಕ್ಕರು.

ಜೀವ ಉಳಿಯಿತು. ನಾನು ಮಾತು ಉಳಿಸಿಕೊಂಡೆ. ಪೊಲೀಸರು ಬಿಟ್ಟುಕೊಟ್ಟ ಟೆಂಪೊವನ್ನು ಮನೆಯ ಮುಂದೆ ನಿಲ್ಲಿಸಿ, ಗಿರಣಿಯಲ್ಲಿ ಮೂಟೆ ಹೊರಲು ಹೋಗತೊಡಗಿದೆ. ಗಾಡಿ ಮಾರುತ್ತೇನೆ ಎಂದರೆ ಗೌರಮ್ಮ ಮಾತೇ ಬಿಟ್ಟಳು. ದೀಪಾವಳಿಯಾದ ಮೇಲೆ ಹಲವಾಗಲಿನಿಂದ ದುರುಗಪ್ಪ ಹೇಳಿಕಳಿಸಿದರು: ಗಾಡಿ ತಗೊಂಡು ಬಾ.

ಪರಿಚಯದ ಲಾರಿ ಡ್ರೈವರೊಬ್ಬರ ಕೈಲಿ ಗಾಡಿ ಹೊಡೆಸಿಕೊಂಡು ಗೌರಮ್ಮನ ಜೊತೆ ಹೋದೆ. ದುರುಗಪ್ಪ ಊರುಗೋಲು ಹಿಡಿದು ಬಯಲಲ್ಲಿ ನಿಂತಿದ್ದರು. ಸೊಂಟದಲ್ಲಿ ದಾರದ ಉಂಡೆ. ಗಾಡಿಯ ಎಡಗಡೆಯ ಎರಡೂ ಗಾಲಿಗಳ ಮೈಗೆ ತಾಗಿಸಿ ದಾರ ಎಳೆಸಿ, ಇಪ್ಪತ್ತು ಹೆಜ್ಜೆ ಮುಂದಕ್ಕೆ ಗೂಟ ಹೊಡೆಸಿ ಬಿಗಿದರು. "ಇದು ಡಾಂಬರಿನ ಅಂಚು ಅಂತ ತಿಳ್ಕ. ಸೀಟಿನಾಗ ಕುಂತು ನೋಡು. ಗ್ಲಾಸಿನಾಗ ದಾರ ಎಲ್ಲಿ ಹಾಯತೈತಿ?"

ಗಾಡಿ ನಿಂತೇ ಇತ್ತು, ಆದರೂ ಆ ಸೀಟಿನಲ್ಲಿ ಕೂತಾಗ ಬೆವೆತೆ. ಹೊರಗೆ ಗೌರಮ್ಮ ಬೆರಳಿಗೆ ನೆಂದ ವಿಭೂತಿ ಹಚ್ಚಿಕೊಂಡು ಗ್ಲಾಸಿನ ಮೇಲೆ ಸರಿಸುತ್ತ ಹೋದಳು. "ಇನ್ನೂ ಎಡಕ್ಕ... ಇನ್ನೂ ಸ್ವಲ್ಪ... ಅಲ್ಲೇ!" ಎಂದು ಕೂಗಿದೆ. ದುರುಗಪ್ಪ ಬಂದು ಬೆರಳಿಟ್ಟು ಅಳೆದರು. ಹಳೆಯ ಅಯ್ಯನವರ ಕೈ ಎಟುಕಿದ್ದ ಜಾಗ ಅದೇ. ನಾನು ಬರೆಸಿದ್ದ ಬೊಟ್ಟಿಗೆ ನಾಲ್ಕು ಬೆರಳು ಎಡಕ್ಕೆ.

"ಗ್ಲಾಸಿನ ಮ್ಯಾಲೆ ನಾಕು ಬಟ್ಟು. ರಸ್ತಿ ಮ್ಯಾಲೆ ಒಂದೂವರಿ ಗೇಣು ಆಕೈತಿ," ಎಂದರು. ನಾನು ಅವರ ಮುರಿದ ಕಾಲನ್ನು ನೋಡಿದೆ.

ನಡುವಿನ ವಿಭೂತಿ ಅಳಿಸಬೇಕಲ್ಲ. ದೇವರನ್ನು ಸೀಮೆಎಣ್ಣೆ ಹಾಕಿ ಒರೆಸಲು ನನಗೆ ಕೈ ಬರಲಿಲ್ಲ. ಗೌರಮ್ಮನೇ ಕಣ್ಣಿಗೊತ್ತಿಕೊಂಡು ಒರೆಸಿದಳು. "ಅಂವ ಎಲ್ಲಿ ನಿಂದರಬೇಕೋ ಅಲ್ಲೇ ನಿಂತಿದ್ದ, ಎಬ್ಬಿಸಿ ನಡಕ ಕೂಡ್ರಿಸಿದೋರು ನೀವು" ಎಂದು ಬೈದಳು. ಆಗ ನನಗೆ ಹೊಳೆಯಿತು. ಹದಿನಾಲ್ಕು ವರ್ಷ ನನ್ನ ಕೈಚಳಕ ಎಂದು ಮೆರೆದದ್ದು ನನ್ನದಾಗಿರಲೇ ಇಲ್ಲ. ಒಂದೊಂದು ಲಾರಿಗೆ ದಾರಿ ಬಿಟ್ಟಾಗಲೂ ಆತನೇ ಅಂಚು ತೋರಿಸಿದ್ದ. ನಾನು ಅವನ ಮುನಿಸನ್ನು ಹುಡುಕುತ್ತಿದ್ದೆ, ಕೃಪೆಯನ್ನು ನೋಡಿರಲಿಲ್ಲ.

"ಗುರ್ತು ಸರಿ ಆತು. ಇನ್ನ ಹೊಡಿ," ಎಂದರು ದುರುಗಪ್ಪ.

ನನ್ನ ಹರಕೆಯ ಮಾತು ಹೇಳಿದೆ. ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನನ್ನ ಜೀವದ ಮ್ಯಾಲೆ ನೀ ಯಾಕಲೇ ಹರಕಿ ಕಟ್ಕಂಡಿ? ನಂದೂ ಒಂದು ಹರಕಿ ಅರ್ಧದಾರ್ಯಾಗ ಬಿದ್ದೈತಿ. ನಡದು ಮುಗಸಾಕ ನಂಗ ಕಾಲಿಲ್ಲ. ನಾನು ಬಿದ್ದ ಜಾಗದಿಂದ ಕೊಟ್ಟೂರ ತನಕ ನೀನ ಕರಕಂಡು ಹೋಗಬೇಕು. ಅಲ್ಲಿ ಹೂ ಕೇಳೂಣು. ಬಲಕ್ಕ ಬಿದ್ರ ಹೊಡಿ, ಎಡಕ್ಕ ಬಿದ್ರ ಬಿಡು. ಅಂವ ಹೇಳಿದಂಗ."

ದೇವರ ಮುಡಿಯಿಂದ ಬೀಳುವ ಹೂವಿನಲ್ಲಿ ಉತ್ತರ ಕೇಳುವುದು ನಮ್ಮಲ್ಲಿ ಇದ್ದದ್ದೇ. ಒಪ್ಪಿದೆ. ಮುಂದಿನ ಸೋಮವಾರ ಆ ಬೇವಿನ ಮರಗಳ ತನಕ ಲಾರಿ ಡ್ರೈವರು ಗಾಡಿ ತಂದರು. ಅಲ್ಲಿ ನಾನು ಸೀಟಿಗೆ ಬಂದೆ. ದುರುಗಪ್ಪ ಮುಂದೆ, ನನ್ನ ಎಡಕ್ಕೆ ಕೂತರು. ಗೌರಮ್ಮ, ಹನುಮಕ್ಕ ಹಿಂದೆ. ಸ್ಟಾರ್ಟ್ ಮಾಡಿ ಹೊರಟೆ. ಎದುರಿಗೆ ಒಂದು ಬಸ್ಸು, ಅದರ ಹಿಂದೆ ಜೋಳದ ಸೊಪ್ಪೆ ಹೇರಿದ ಟ್ರ್ಯಾಕ್ಟರು. ಹೊಸ ಗುರುತಿಗೆ ಡಾಂಬರಿನ ಅಂಚು ಹೊಂದಿಸಿ ದಾರಿ ಬಿಟ್ಟೆ. ಗಾಲಿ ಮಣ್ಣಿಗೆ ಇಳಿಯಲಿಲ್ಲ. ಪಕ್ಕಕ್ಕೆ ತಿರುಗಿ ಅವರ ಮುಖ ನೋಡುವ ಧೈರ್ಯ ನನಗೆ ಆ ಹದಿಮೂರು ಕಿಲೋಮೀಟರಿನಲ್ಲಿ ಒಮ್ಮೆಯೂ ಬರಲಿಲ್ಲ. ಹೆದರಿ ಕಂಬಿ ಹಿಡಿದು ಕೂತಿರುತ್ತಾರೆ ಎಂದೇ ಅಂದುಕೊಂಡಿದ್ದೆ.

ಗುಡಿಯ ಮುಂದೆ ಗಾಡಿ ನಿಲ್ಲಿಸಿ, "ಬಂತಣ್ಣ ಕೊಟ್ಟೂರು" ಎಂದೆ. ತಿರುಗಿ ನೋಡಿದೆ. ನನ್ನ ಗಾಡಿಯಿಂದ ಕಾಲು ಮುರಿದುಕೊಂಡಿದ್ದ ಮನುಷ್ಯ ಸೀಟಿಗೆ ತಲೆಯಾನಿಸಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತ ಮಲಗಿಬಿಟ್ಟಿದ್ದರು.

"ಎಬ್ಬಸ್ರಿ, ಹೂ ಕೇಳಾಕ ಹೊತ್ತಾತು" ಎಂದಳು ಗೌರಮ್ಮ. ನಾನು ಬೇಡವೆಂದು ಕೈ ಆಡಿಸಿದೆ. ಕಣ್ಣಲ್ಲಿ ನೀರು ತುಂಬಿ ಗುಡಿ ಕಾಣುತ್ತಿರಲಿಲ್ಲ. ಕೂತಲ್ಲಿಂದಲೇ ಗುರುಬಸವೇಶ್ವರನಿಗೆ ಕೈ ಮುಗಿದೆ. ಕೇಳಬೇಕಾಗಿದ್ದ ಮಾತಿಗೆ ಅವನು ಆಗಲೇ ಉತ್ತರ ಕೊಟ್ಟಾಗಿತ್ತು.